ಎರಡು ದಿನದ ಬ್ಯಾಟರಿ

ನವೆಂಬರ್ ಹದಿನಾಲ್ಕು, ಗುರುವಾರ. ಬೆಳಿಗ್ಗೆ ಹತ್ತೂ ಇಪ್ಪತ್ತಕ್ಕೆ ಗು ಬುನ್ರೆ ಎಂಬ ಮುದುಕಿ ಹನ್‌ಚೊನ್ ಠಾಣೆಗೆ ಬಂದು, ಪ್ಲಾಸ್ಟಿಕ್ ಚೀಲದಿಂದ ಒಂದು ಪ್ಯಾಂಟು ತೆಗೆದು ಮೇಜಿನ ಮೇಲೆ ಹರವಿದಳು. ಬಲಜೇಬು ಇರಬೇಕಾದಲ್ಲಿ ಅಂಗೈಯಗಲದ ತೂತು, ಸುತ್ತ ಕರಕಲು. ಊರಿಗೆ ಊರೇ ಚಳಿಗಾಲಕ್ಕೆ ಕಿಮ್ಚಿ, ಅಂದರೆ ಕೋಸಿನ ಉಪ್ಪಿನಕಾಯಿ, ಹಾಕುವ ವಾರ. ಆಕೆಯ ಬೆರಳುಗಳು ಮೆಣಸಿನಪುಡಿಯಿಂದ ಕೆಂಪಗಿದ್ದವು. ಕೋಸಿಗೆ ಅರ್ಧ ಉಪ್ಪು ಹಚ್ಚಿಟ್ಟು ಬಂದಿದ್ದೇನೆ, ಬೇಗ ಬರೆದುಕೊಳ್ಳಿ ಎಂದಳು.

ಇನ್ಸ್‌ಪೆಕ್ಟರ್ ಪ್ಯೊ ಸುಂಗಿಲ್ ಕುರ್ಚಿ ಎಳೆದು ಕೂರಿಸಿದ.

"ಯಾರದಮ್ಮ ಪ್ಯಾಂಟು?"

"ನಮ್ಮನೆಯವರದು. ತಾಕ್ ಜೊಂಗು. ಬಸ್ ಓಡಿಸ್ತಿದ್ರಲ್ಲ, ಅವರು."

"ಎಲ್ಲಿದಾರೆ ಈಗ?"

"ಆಸ್ಪತ್ರೇಲಿ. ತೊಡೆ ಬೆಂದುಹೋಗಿದೆ. ಇನ್ನು ನಾಲ್ಕು ಬೆರಳು ಆಚೆಗಾಗಿದ್ರೆ ಇಲ್ಲಿ ಬಂದು ಹೇಳೋಕೂ ನಾಚ್ಕೋಬೇಕಿತ್ತು."

ಬರೆದುಕೊಳ್ಳುತ್ತಿದ್ದ ಕಾನ್‌ಸ್ಟೇಬಲ್ ನೊ ಹಾರಿಮ್ ತಲೆ ಇನ್ನಷ್ಟು ಬಗ್ಗಿಸಿದಳು.

"ಹೊತ್ಕೊಂಡಿದ್ದು ಏನು?"

"ಇ-ಸಿಗರೇಟಿನ ಬ್ಯಾಟರಿ. ಒಂದು ಅದರೊಳಗಿರುತ್ತೆ, ಇನ್ನೊಂದನ್ನ ಬೀಗದ ಕೈ ಜೊತೆ ಜೇಬಲ್ಲಿ ಹಾಕ್ಕೊಂಡು ತಿರುಗ್ತಾರೆ."

"ಎಲ್ಲಿಂದ ತಂದಿದ್ದು?"

"ಅದನ್ನೇ ಬಾಯಿ ಬಿಡ್ತಿಲ್ಲ. ಸುಳ್ಳು ಹೇಳುವಾಗ ಅವರ ಕಿವಿ ಕೆಂಪಾಗುತ್ತೆ. ನಿನ್ನೆಯಿಂದ ಕೆಂಪಗೇ ಇದೆ."

ಹತ್ತೂ ಐವತ್ತೈದಕ್ಕೆ ಎಫ್‌ಐಆರ್ ದಾಖಲಾಯಿತು. ಅಲಕ್ಷ್ಯದಿಂದ ಗಾಯ, ಆರೋಪಿ ಅಪರಿಚಿತ.

ಆಸ್ಪತ್ರೆಯಲ್ಲಿ ತಾಕ್ ಜೊಂಗು ಗೋಡೆ ಕಡೆ ಮುಖ ಮಾಡಿ ಮಲಗಿದ್ದ.

"ಬ್ಯಾಟರಿ ಎಲ್ಲಿ ತಗೊಂಡ್ರಿ, ದೊಡ್ಡಪ್ಪ?"

"ಇಂಟರ್ನೆಟ್ಟಲ್ಲಿ."

"ಇಂಟರ್ನೆಟ್ ನಿಮಗೆ ಬರುತ್ತಾ?"

"ಕಲೀತಿದೀನಿ." ಕಿವಿಗಳು ದಾಳಿಂಬೆ ಹೂವಿನಂತೆ ಕೆಂಪಾದವು. "ಅವನು ಕೆಟ್ಟವನಲ್ಲ ಕಣಪ್ಪ, ಬಿಟ್ಬಿಡು."

"ಯಾರು?"

ಮುದುಕ ಕಂಬಳಿಯನ್ನು ಕಿವಿಯವರೆಗೆ ಎಳೆದುಕೊಂಡು, "ಇಂಟರ್ನೆಟ್ಟು" ಎಂದ. ಆದರೆ ದಿಂಬಿನಡಿಯಿಂದ ಇ-ಸಿಗರೇಟು ತೆಗೆದು ಕೊಟ್ಟ. ಅದರೊಳಗೆ ಸುಡದ ಜೊತೆ ಬ್ಯಾಟರಿ ಇತ್ತು.

ಹನ್ನೆರಡೂ ಹತ್ತಕ್ಕೆ ಅದು ಹೊಸ ಬಸ್ ನಿಲ್ದಾಣದೆದುರಿನ ಇ-ಸಿಗರೇಟು ಅಂಗಡಿಯ ಬಾಂಗ್ ಯುನ್‌ಹಿಯ ಕೈಯಲ್ಲಿತ್ತು. ಆಕೆ ನೇರಳೆ ಹೊದಿಕೆಯನ್ನೂ ಅದರ ಮೇಲಿನ ಅಕ್ಷರಗಳನ್ನೂ ನೋಡಿ ಮೂಗು ಮುರಿದಳು.

"ಮೂವತ್ತೈದು ಆಂಪಿಯರ್ ಅಂತೆ. ಬರೆಯೋಕೇನು, ಮುನ್ನೂರೈವತ್ತು ಅಂತಲೂ ಬರೀಬಹುದು. ಇದು ಹಳೇ ಲ್ಯಾಪ್‌ಟಾಪ್ ಒಳಗಿನ ಮಾಲು, ಸಾರ್. ಅಂಗಿ ಹೊಸದು, ಮೈ ಹಳೇದು."

"ಹಾಗಿದ್ರೆ ಒಳ್ಳೇದನ್ನ ಕಂಡುಹಿಡಿಯೋದು ಹೇಗೆ?"

"ಮಾಡಿದೋರು ಯಾರು ಅಂತ ಗೊತ್ತಿರಬೇಕು. ಇ-ಸಿಗರೇಟು ಎಳೆಯೋ ಅಷ್ಟು ಕರೆಂಟು ಕೊಡೋ ತಾಕತ್ತು ಅದಕ್ಕಿರಬೇಕು. ಹೊದಿಕೆ ಚೂರು ಹರಿದ್ರೂ ಎಸೀಬೇಕು. ಜೇಬಲ್ಲಂತೂ ಬಿಡಿಯಾಗಿ ಇಡಲೇಬಾರದು, ಪ್ಲಾಸ್ಟಿಕ್ ಡಬ್ಬೀಲಿಡಬೇಕು. ಬಂದೋರಿಗೆಲ್ಲ ಡಬ್ಬಿ ಪುಕ್ಕಟೆ ಕೊಡ್ತೀನಿ. ಈ ಮುದುಕರು ನನ್ನ ಹತ್ರ ಬಂದ್ರೆ ತಾನೆ."

ಬ್ಲೇಡಿನಿಂದ ನೇರಳೆ ಹೊದಿಕೆ ಸೀಳಿದಳು. ಬ್ಯಾಟರಿಯ ತಲೆಯ ಗುಂಡಿ ಒಂದು ಧ್ರುವ. ಅದರ ಸುತ್ತಲಿನ ಅಂಚಿನಿಂದ ಬುಡದವರೆಗೂ ಇನ್ನೊಂದು. ನಡುವೆ ಗಟ್ಟಿ ನಾರುಕಾಗದದ ಬಳೆ ಇರಬೇಕು. ಇಲ್ಲಿದ್ದದ್ದು ಕ್ಯಾಲೆಂಡರಿನಿಂದ ಕತ್ತರಿಸಿದ ಬಳೆ, ಅದರ ಮೇಲೆ ಒಂಬತ್ತು ಎಂಬ ಅಂಕಿಯ ಬಾಲ. ಬೆವರಿಗೆ ಮೆತ್ತಗಾಗಿತ್ತು.

"ಬೀಗದ ಕೈ ಇಲ್ಲಿಗೆ ಅಡ್ಡ ಬಿದ್ರೆ ಸಾಕು" ಎಂದಳು ಬಾಂಗ್ ಯುನ್‌ಹಿ. "ಇಂಥವು ಇನ್ನೆಷ್ಟು ಜೇಬಲ್ಲಿವೆಯೋ. ಮೊದಲು ಅದನ್ನ ನೋಡಿ ಸಾರ್."

ಹಾರಿಮ್ ಬ್ಯಾಟರಿಯನ್ನು ಬೆಳಕಿಗೆ ತಿರುಗಿಸಿದಳು. "ಸಾರ್, ಏನೋ ಗೀಚಿದಾರೆ."

ಲೋಹದ ಮೇಲೆ ಸೂಜಿಮೊನೆಯಷ್ಟು ಸಣ್ಣಗೆ, ಅಷ್ಟೇ ಅಚ್ಚುಕಟ್ಟಾಗಿ: 10.28. ಪಕ್ಕದಲ್ಲೊಂದು ಸೊನ್ನೆ, ಸೊನ್ನೆಯ ನಡುವೆ ಚುಕ್ಕೆ.

ಪ್ಯೊ ಸುಂಗಿಲ್ ತನ್ನ ಕೈಗಡಿಯಾರ ಬಿಚ್ಚಿದ. ಅವನಪ್ಪನದು. ಮೂರು ವರ್ಷದ ಹಿಂದೆ, ಅಪ್ಪ ತೀರಿಕೊಂಡ ತಿಂಗಳಲ್ಲಿ ನಿಂತುಹೋಗಿ, ರಿಪೇರಿಯಾಗಿ ಬಂದಿತ್ತು. ಬಾಂಗ್ ಯುನ್‌ಹಿ ಸಣ್ಣ ಉಳಿಯಿಂದ ಹಿಂಬದಿಯ ಮುಚ್ಚಳ ಎಬ್ಬಿಸಿದಳು. ಮುಚ್ಚಳದ ಒಳಮೈಯಲ್ಲಿ ಅಪ್ಪನ ಕಾಲದಿಂದ ಹಿಡಿದು ಆರು ತಾರೀಕುಗಳಿದ್ದವು. ಪ್ರತಿಯೊಂದರ ಪಕ್ಕದಲ್ಲೂ ಅದೇ ಸೊನ್ನೆ, ಅದೇ ಚುಕ್ಕೆ. ಗಡಿಯಾರದವರ ಪದ್ಧತಿ ಅದು. ತೆರೆದು ಮುಚ್ಚಿದ್ದಕ್ಕೆಲ್ಲ ಗುರುತು ಬಿಡದಿದ್ದರೆ ಅವರಿಗೆ ಕೆಲಸ ಮುಗಿದಂತಾಗುವುದಿಲ್ಲ.

"ಯಾರು ಸಾರ್?"

"ಒಮ್ ತೇಸಿಕ್" ಎಂದ. "ಹಳೇ ನಿಲ್ದಾಣದ ಹಿಂದೆ."

ಆ ಓಣಿಯಲ್ಲಿ ತೆರೆದಿದ್ದದ್ದು ಅವನ ಗಡಿಯಾರ ರಿಪೇರಿ ಅಂಗಡಿಯದೊಂದೇ ಬಾಗಿಲು. ಎರಡೂ ಐದಕ್ಕೆ ಪ್ಯೊ ಸುಂಗಿಲ್ ಮತ್ತು ಹಾರಿಮ್ ಇಬ್ಬರು ಪಂಚರೊಂದಿಗೆ ಒಳಗೆ ಹೋದಾಗ ಎಪ್ಪತ್ತೆರಡರ ಒಮ್ ತೇಸಿಕ್ ಭೂತಗನ್ನಡಿಯನ್ನು ಹಣೆಗೇರಿಸಿ ಎದ್ದು ನಿಂತ. ನಾಲ್ವರನ್ನು ಎಣಿಸಿ, ನಾಲ್ಕು ಕಪ್ ತೆಗೆದ.

"ಸುಂಗಿಲ್ ಅಲ್ವಾ? ಸ್ಟೂಲು ಸಾಲದು, ಒಬ್ರು ಡಬ್ಬಿ ಮೇಲೆ ಕೂತ್ಕೊಳ್ಳಿ. ಗಡಿಯಾರ ಹೇಗಿದೆ?"

"ನಡೀತಿದೆ, ದೊಡ್ಡಪ್ಪ."

"ವರ್ಷಕ್ಕೊಂದ್ಸಲ ತಂದು ತೋರಿಸು ಅಂದಿದ್ದೆ."

"ಬರೋಕಾಗ್ಲಿಲ್ಲ." ಅವನು ಬ್ಯಾಟರಿಯನ್ನು ಗಾಜಿನ ಮೇಲಿಟ್ಟ. "ಇದು ನೀವು ಮಾಡಿದ್ದಾ?"

ಮುದುಕ ಅದನ್ನು ಮುಟ್ಟಲಿಲ್ಲ. "ಹೌದು."

"ನಿನ್ನೆ ಇದರ ಜೊತೇದು ತಾಕ್ ಜೊಂಗು ಜೇಬಲ್ಲಿ ಹೊತ್ಕೊಂಡಿತು."

ಒಮ್ ತೇಸಿಕ್ ಕೂತ. ಕೆಟಲ್ ಕುದಿದು ತಾನಾಗಿ ಆರಿತು. "ಎಷ್ಟು ಸುಟ್ಟಿದೆ?"

"ತೊಡೆ. ಚರ್ಮ ಕಸಿ ಮಾಡಬೇಕಂತೆ."

"ಬುಧವಾರ ಅಂತೂ ತಪ್ಪಿಸ್ತಿರಲಿಲ್ಲ. ನಿನ್ನೆ ಬರ್ಲಿಲ್ಲ. ಹೆಂಡ್ತಿ ಜೊತೆ ಕೋಸು ತೊಳೀತಿರಬೇಕು ಅಂದ್ಕೊಂಡೆ."

"ಎಷ್ಟು ಜನಕ್ಕೆ ಕೊಟ್ಟಿದೀರಿ?"

"ಅವನಲ್ಲದೆ ಒಂಬತ್ತು ಜನ. ತಲಾ ಎರಡು. ದುಡ್ಡು ಇಸ್ಕೊಂಡಿಲ್ಲ. ಖಾಲಿಯಾದ್ದನ್ನ ತರ್ತಾರೆ, ತುಂಬಿದ್ದನ್ನ ಕೊಡ್ತೀನಿ."

"ಹೆಸರು ಬೇಕು. ಈಗಲೇ."

ಅವನು ಗೋಡೆಯತ್ತ ಕೈ ತೋರಿಸಿದ. ಸಹಕಾರ ಸಂಘದ ದೊಡ್ಡಂಕಿಯ ಕ್ಯಾಲೆಂಡರು. ದಿನದ ಖಾನೆಗಳಲ್ಲಿ ಪೆನ್ಸಿಲಿನಿಂದ ಸಣ್ಣಗೆ ಹೆಸರುಗಳು: ಆವತ್ತು ಬಂದವರು. ಹಾರಿಮ್ ಒಂಬತ್ತನ್ನೂ ಬರೆದುಕೊಂಡಳು.

ಜಪ್ತಿ ಮಾಡುವಾಗ ಹಲಗೆಯ ಮೇಲೆ ಎರಡು ಪೆಟ್ಟಿಗೆ ಸಿಕ್ಕವು, ಎರಡರಲ್ಲೂ ಗುಜರಿಯಿಂದ ತಂದ ಬ್ಯಾಟರಿ. ಒಂದು ಅರ್ಧ ಖಾಲಿ. ಇನ್ನೊಂದು ಮುಟ್ಟದೆ ಧೂಳು ಹಿಡಿದಿತ್ತು.

"ಈ ಧೂಳು ಹಿಡಿದಿರೋವೇನು?"

"ಅವು ಚೆನ್ನಾಗಿರೋವು. ಪರೀಕ್ಷೆ ಮಾಡಿ ಎತ್ತಿಟ್ಟಿದ್ದು."

"ಚೆನ್ನಾಗಿರೋವನ್ನ ಬಿಟ್ಟು ಸೊರಗಿದ್ದನ್ನ ಯಾಕೆ ಕೊಟ್ರಿ?"

"ಸೊರಗಿದ್ದು ಎರಡು ದಿನ ಬರುತ್ತೆ. ಅವು ವಾರ ಬಾಳ್ತವೆ."

"ಒಳ್ಳೇದೇ ಅಲ್ವಾ?"

"ವಾರಪೂರ್ತಿ ಯಾರೂ ಬರಲ್ಲ" ಎಂದ ಒಮ್ ತೇಸಿಕ್.

ಹಾರಿಮ್‌ಳನ್ನು ಅವನ ಬಳಿ ಬಿಟ್ಟು ಪ್ಯೊ ಸುಂಗಿಲ್ ಜೀಪಿನ ಹಿಂಬದಿಯಲ್ಲಿ ಮರಳಿನ ಬಕೆಟ್ಟಿಟ್ಟುಕೊಂಡು ಹೊರಟ. ಒಂದನ್ನು ಕ್ಷೌರದಂಗಡಿಯಲ್ಲಿ, ಎರಡನ್ನು ಮೀನು ಹರಾಜಿನ ಕಟ್ಟೆಯಲ್ಲಿ, ಹೀಗೆ ಐದರ ಹೊತ್ತಿಗೆ ಹದಿನೇಳು ಸಿಕ್ಕವು. ಒಂದೇ ಉಳಿದಿತ್ತು. ಅದು ಬೆಳ್ಳುಳ್ಳಿ ಹೊಲಗಳಾಚೆ ಒಂಟಿಯಾಗಿದ್ದ ಪ್ಯೊನ್ ಮನ್ಸುವಿನದು. ಒಂದನ್ನು ಕೊಟ್ಟಿದ್ದ, ಎರಡನೆಯದನ್ನು ಕೊಡಲಿಲ್ಲ.

"ಶನಿವಾರ ನಾನೇ ಹೋಗಿ ಕೊಡ್ತೀನಿ. ಅವನ ವಸ್ತು ಅವನಿಗೆ."

"ಅಂಗಡಿ ಮುಚ್ತೀವಿ, ದೊಡ್ಡಪ್ಪ. ಎಲ್ಲಿದೆ?"

"ಎರಡು ದಿನಕ್ಕೆ ಸಾಯೋ ಬ್ಯಾಟರಿ ಅಂತ ನನಗೆ ಗೊತ್ತಿಲ್ವಾ? ಹೊಸ ಅಂಗಡೀಲಿ ಒಳ್ಳೇದು ಸಿಗುತ್ತೆ ಅಂತಲೂ ಗೊತ್ತು. ಆ ಹುಡುಗಿ ಡಬ್ಬಿ ಕೊಟ್ಟು ಕಳಿಸ್ತಾಳೆ. ಕೂತ್ಕೊ ಅನ್ನಲ್ಲ."

"ಎಲ್ಲಿದೆ ಹೇಳಿ."

ಅವನು ಕಣ್ಣಿಂದಷ್ಟೇ ತೋರಿಸಿದ. ಅಡಿಯಿಂದ ಕಾಯಿಸುವ ಬಿಸಿನೆಲದ ಮೇಲೆ ಹಾಸಿದ ಹಾಸಿಗೆ. ಪ್ಯೊ ಸುಂಗಿಲ್ ಮೆಲ್ಲಗೆ ಅಂಚೆತ್ತಿದ. ಬ್ಯಾಟರಿ ಅಲ್ಲೇ ಇತ್ತು, ತಲೆಯ ಬಳಿ ಹೊದಿಕೆ ಹರಿದಿತ್ತು. ಒಂದು ಗೇಣು ಆಚೆ ಊಟದ ಚಮಚ, ತುತ್ತು ಹಿಡಿಯುವ ಲೋಹದ ಕಡ್ಡಿಗಳು. ಹೊರಗೊಯ್ದು ಮರಳಿನೊಳಗೆ ಅದನ್ನು ಇಳಿಸಿ, ಮೇಲೆ ಇನ್ನೊಂದು ಹಿಡಿ ಮರಳು ಎಳೆದ.

"ಇನ್ನು ಪೇಟೆಗೆ ಹೋಗೋಕೆ ನನಗೇನು ನೆಪ?" ಎಂದ ಮುದುಕ. ಜೀಪು ತಿರುಗುವವರೆಗೂ ಅವನು ಹೊಸ್ತಿಲಲ್ಲೇ ನಿಂತಿದ್ದ.

ಐದೂ ನಲವತ್ತಕ್ಕೆ ಒಮ್ ತೇಸಿಕ್‌ನನ್ನು ಬಂಧಿಸಲಾಯಿತು. ಅಲಕ್ಷ್ಯದಿಂದ ಗಾಯ, ಸುಳ್ಳು ಗುರುತಿನ ಹೊದಿಕೆ. ಹದಿನೆಂಟೂ ಸಿಕ್ಕವೇ ಎಂದಷ್ಟೇ ಅವನು ಕೇಳಿದ. ಸಿಕ್ಕವು ಎಂದ ಮೇಲೆ ಭೂತಗನ್ನಡಿ ತೆಗೆದು ಡಬ್ಬಿಗೆ ಹಾಕಿದ.

ಜಪ್ತಿಗೆ ಕೊನೆಗೆ ಉಳಿದದ್ದು ಕ್ಯಾಲೆಂಡರು. ಹಾರಿಮ್ ಅದನ್ನು ಮೊಳೆಯಿಂದ ಇಳಿಸಿ ಹಿಂದಿನ ತಿಂಗಳುಗಳನ್ನು ಮಗುಚಿದಳು. ಹಾಳೆಗಳ ತುಂಬ ದುಂಡನೆಯ ತೂತುಗಳಿದ್ದವು, ನಾಣ್ಯದಷ್ಟಷ್ಟು. ಬಳೆಗಳನ್ನು ಕತ್ತರಿಸಿದ್ದು ಅಲ್ಲಿಂದ. ಪಂಚನಾಮೆಗೆ ತಾರೀಕು ಬೇಕಲ್ಲ, ಒಂದೊಂದಾಗಿ ಓದತೊಡಗಿದಳು. ಸೆಪ್ಟೆಂಬರಿಗೆ ಬರುವಷ್ಟರಲ್ಲಿ ದನಿ ತಗ್ಗಿತು.

"ಸಾರ್, ಹೆಸರಿರೋ ಖಾನೆ ಒಂದೂ ಕತ್ತರಿಸಿಲ್ಲ."

ಪ್ಯೊ ಸುಂಗಿಲ್ ನೋಡಿದ. ಜನವರಿಯಲ್ಲಿ ಹಾಳೆಗಿಂತ ತೂತೇ ಹೆಚ್ಚು. ಬರುಬರುತ್ತಾ ತೂತು ಕಡಿಮೆಯಾಗಿ ಹೆಸರು ಹೆಚ್ಚಾಗಿದ್ದವು. ನವೆಂಬರಿನಲ್ಲಿ ಈವರೆಗೆ ಒಂದೇ ಒಂದು ತೂತು, ನಿನ್ನೆಯದು.

"ಖಾಲಿ ದಿನ ಇಟ್ಕೊಂಡು ಏನ್ಮಾಡಲಿ" ಎಂದ ಒಮ್ ತೇಸಿಕ್, ಯಾರೂ ಕೇಳದಿದ್ದರೂ. ಆಮೇಲೆ ಪೆನ್ಸಿಲಿಗಾಗಿ ಕಿಸೆ ತಡಕಿದ. "ಸುಂಗಿಲ್, ಇವತ್ತಿಂದು ಬರೆದಿಲ್ಲ. ಬರೀಲಾ?"

ಪಂಚರು ಇನ್ಸ್‌ಪೆಕ್ಟರನ ಮುಖ ನೋಡಿದರು. ಅದು ಸಾಕ್ಷ್ಯ, ಅರಗಿನ ಮುದ್ರೆ ಮಾತ್ರ ಬಾಕಿ ಇತ್ತು. ಪ್ಯೊ ಸುಂಗಿಲ್ ಕ್ಯಾಲೆಂಡರನ್ನು ಗಾಜಿನ ಮೇಲೆ ಹರವಿ, ತುದಿ ಮಡಚದಂತೆ ಅಂಗೈಯಿಂದ ಒತ್ತಿ ಹಿಡಿದ.

ಪಂಚನಾಮೆಯ ಹದಿನಾಲ್ಕನೇ ಸಾಲು ಹೀಗಿದೆ: "ಮುದ್ರೆ ಹಾಕುವ ಮುನ್ನ, ಸಂಜೆ 5.52ಕ್ಕೆ, ಆರೋಪಿಯು ತನಿಖಾಧಿಕಾರಿಯ ಅನುಮತಿಯಿಂದ ನವೆಂಬರ್ 14ರ ಖಾನೆಯಲ್ಲಿ ನಾಲ್ಕು ಹೆಸರು ಬರೆದಿರುತ್ತಾನೆ. ಬೇರೇನೂ ತಿದ್ದಿರುವುದಿಲ್ಲ."