ಚೂಟಿ ಹಿಡಿದುಕೊಟ್ಟ ಗುಟ್ಟು

"ಬೌ! ಬೌ! ಬೌ!"

ಚೂಟಿ ಬೊಗಳಿತು. ಬೊಗಳಿದ್ದು ಇಟ್ಟಿಗೆ ರಾಶಿಯ ಎದುರಲ್ಲ, ಹಗ್ಗದಾಚೆ ನಿಂತು ನೋಡುತ್ತಿದ್ದ ಎಲೆಕ್ಟ್ರಿಷಿಯನ್ ಎದುರು!

ಚೂಟಿಯನ್ನು ಪಳಗಿಸುತ್ತಿದ್ದ ಹುಡುಗಿ ತಲೆ ಮೇಲೆ ಕೈ ಹೊತ್ತಳು.

ಕುಸಿದ ಕಟ್ಟಡದಡಿ ಸಿಕ್ಕಿಕೊಂಡವರನ್ನು ವಾಸನೆಯಿಂದಲೇ ಪತ್ತೆ ಹಚ್ಚುವುದು ಚೂಟಿ ಕಲಿಯಬೇಕಾದ ಕೆಲಸ. ಕಲಿಸುವುದು ಅವಳ ಕೆಲಸ. ಇಂದು ಪರೀಕ್ಷೆ, ಪಾಸಾದರೆ ರಕ್ಷಣಾ ತಂಡಕ್ಕೆ ಪ್ರವೇಶ. ರಾಶಿಯೊಳಗೆ ಒಬ್ಬರು ಅಡಗಿ ಕೂತಿದ್ದರು. ಚೂಟಿ ಅವರ ಪಕ್ಕದಲ್ಲೇ ಹಾದು, ಬಾಲ ಅಲ್ಲಾಡಿಸುತ್ತಾ ಈ ಎಲೆಕ್ಟ್ರಿಷಿಯನ್ ಹತ್ತಿರ ಬಂದಿತ್ತು.

ಎಲ್ಲರೂ ಗೊಳ್ಳೆಂದು ನಕ್ಕರು. ಪರೀಕ್ಷಕರು ನಗಲಿಲ್ಲ.

"ಅಭ್ಯಾಸದಲ್ಲಿ ಯಾರು ಅಡಗ್ತಿದ್ರು?"

"ಇವರೇ ಸರ್..." ಅವಳು ಎಲೆಕ್ಟ್ರಿಷಿಯನ್ ಕಡೆ ಕೈ ತೋರಿಸಿದಳು.

"ಪ್ರತಿ ಸಲಾನೂ? ಅಡಗೋರನ್ನ ಬದಲಾಯಿಸ್ತಾ ಇರ್ಬೇಕು ಅಂತ ಗೊತ್ತಿಲ್ವಾ? ಇದು ಮನುಷ್ಯರನ್ನ ಹುಡುಕೋದು ಕಲಿತಿಲ್ಲಮ್ಮ, ಇವರೊಬ್ಬರನ್ನ ಹುಡುಕೋದು ಕಲಿತಿದೆ! ಯಾಕೆ ಹೀಗೆ ಮಾಡಿದ್ರಿ?"

ಯಾಕೆ? ವಾರಕ್ಕೆ ಮೂರು ಸಲ ಇವರ ಮುಖ ನೋಡೋ ಆಸೆಗೆ ಅಂತ ಹೇಳಲಾ? ಭೂಮಿ ಬಾಯಿಬಿಟ್ಟು ನುಂಗಬಾರದೇ!

ಅಷ್ಟರಲ್ಲಿ ರಾಶಿಯೊಳಗಿಂದ ನಿವೃತ್ತ ಟೀಚರೊಬ್ಬರು ತೆವಳಿಕೊಂಡು ಹೊರಬಂದರು. ತಲೆತುಂಬ ಧೂಳು.

"ನಲವತ್ತು ನಿಮಿಷ ಕಾದೆ ಕಣಮ್ಮ. ಪಕ್ಕದಲ್ಲೇ ಬಂತು, ಹೋಗೇಬಿಡ್ತು. ನನ್ನ ವಾಸನೆ ಬರ್ಲೇ ಇಲ್ವಾ ಅದಕ್ಕೆ?"

ಪಾಪ, ಅವರದು ಬರೀ ಕುತೂಹಲ. ಅವಳಿಗೆ ಮಾತ್ರ ಕಪಾಳಕ್ಕೆ ಹೊಡೆದಂತಾಯಿತು. ನಿಜವಾಗಿ ಕಟ್ಟಡ ಕುಸಿದಿದ್ದರೆ... ಈ ಜೀವ ಅಲ್ಲೇ ಹೋಗುತ್ತಿತ್ತು. ನನ್ನ ಆಸೆಗೆ!

"ಬಂದಿರುತ್ತೆ ಟೀಚರ್. ತಪ್ಪು ಅದರದ್ದಲ್ಲ, ನಂದು," ಎಂದು ಕೈಮುಗಿದಳು.

ಮರುಪರೀಕ್ಷೆ ಆರು ತಿಂಗಳ ನಂತರ ಎಂದರು ಪರೀಕ್ಷಕರು. ಅವಳು ನಾಯಿಮನೆಯ ನೆಲದ ಮೇಲೆ ಚೂಟಿಯನ್ನು ತಬ್ಬಿ ಅಳುತ್ತಾ ಕೂತಳು. ಎಲೆಕ್ಟ್ರಿಷಿಯನ್ ಬಾಗಿಲಿಗೆ ಬಂದ.

"ಒಳಗೆ ಬರ್ಲಾ?"

"ಬೇಡ!"

"ನನ್ನ ಮೇಲೆ ಕೋಪಾನಾ? ನನ್ನಿಂದಲೇ ಹೀಗಾಯ್ತು..."

"ಅಯ್ಯೋ, ನಿಮ್ಮ ಮೇಲಲ್ಲ. ನನ್ನ ಮುಖ ತೋರಿಸೋಕೆ ನನಗೇ ನಾಚಿಕೆ. ಅಡಗೋ ಸರದಿ ಯಾರದಿದ್ರೂ ನಿಮಗೇ ಫೋನ್ ಮಾಡ್ತಿದ್ದೆ... ನಿಮ್ಮನ್ನ ನೋಡ್ಬೇಕು ಅಂತ. ಅಷ್ಟೇ. ಈಗ ನಗಿ, ಪರವಾಗಿಲ್ಲ!"

ಅವನು ನಗಲಿಲ್ಲ. ಕಿವಿ ಮಾತ್ರ ಕೆಂಪಾದವು.

"ನಿಮ್ಮ ಫೋನ್ ಬರೋಕೆ ಮುಂಚೇನೇ ನಾನು ಸರದಿ ಇದ್ದವರಿಗೆಲ್ಲ 'ನೀವು ಆರಾಮಾಗಿರಿ, ನಾನು ಹೋಗ್ತೀನಿ' ಅಂತಿದ್ದೆ. ನಿಯಮ ನನಗೂ ಗೊತ್ತಿತ್ತು. ಅರ್ಧ ತಪ್ಪು ನಂದು."

ಅವಳು ಕಣ್ಣೊರೆಸಿಕೊಂಡಳು.

"ಇನ್ನು ಮೈದಾನಕ್ಕೆ ಬರ್ಬೇಡಿ."

"ಬರಲ್ಲ. ಆರು ತಿಂಗಳಲ್ಲಿ ನನ್ನನ್ನ ಮರೆಯುತ್ತಾ ಇದು?"

"ಮರೆಯಲ್ಲ. ಆದ್ರೆ ಮನೆಯವರನ್ನ ಹುಡುಕೋಕೆ ಹೋಗಲ್ಲ. ಅವರು ದಿನಾ ಕಣ್ಣೆದುರೇ ಇರ್ತಾರಲ್ಲ..."

ಅಂದವಳೇ ನಾಲಿಗೆ ಕಚ್ಚಿಕೊಂಡಳು. ಛೆ, ಏನಂದುಬಿಟ್ಟೆ!

"ಹಾಗಾದ್ರೆ..." ಅವನು ಹೊಸ್ತಿಲ ಬಳಿ ಕೂತ. "ನಿಮ್ಮ ಮನೆಯವನಾಗ್ಲಾ?"

ಅವಳು ಚೂಟಿಯ ಕುತ್ತಿಗೆಯಲ್ಲಿ ಮುಖ ಹುದುಗಿಸಿದಳು.

"ಮೊದಲು ಇದು ಬೇರೆಯವರನ್ನ ಹುಡುಕೋದು ಕಲೀಲಿ."

"ಆಮೇಲೆ?"

"ಆಮೇಲೆ ಅಪ್ಪನ ಹತ್ರ ಬಂದು ಕೇಳಿ. ಅವತ್ತು ಮನೆಯೊಳಗೆ ಅಡಗೋಳು ನಾನು."