ಒದ್ದೆ ಬಟ್ಟೆಯ ಪಾಠ

"ಯಾರ್ರೀ ಇದರ ಮ್ಯಾಲೆ ಹಸಿ ಅರಿವಿ ಹೊದಿಸಿದ್ದು?!"

ಮೇಷ್ಟ್ರ ಕೂಗಿಗೆ ಹುಬ್ಬಳ್ಳಿಯ ಗೋಕುಲ ರಸ್ತೆಯ ಆ ಪುಟ್ಟ ಕಂಪ್ಯೂಟರ್ ತರಗತಿ ಒಮ್ಮೆಲೇ ಸ್ತಬ್ಧವಾಯಿತು. ಮೂಲೆಯ ಕಂಪ್ಯೂಟರ್ ಚಟ್ ಎಂದು ಸದ್ದು ಮಾಡಿ ಕಣ್ಣು ಮುಚ್ಚಿತ್ತು. ಅದರ ಡಬ್ಬಿಯ ಮೇಲೆ ನೀಟಾಗಿ ಮಡಿಚಿದ ಒದ್ದೆ ಬಟ್ಟೆ!

ಶಾಂಭವಿ ಮೆಲ್ಲಗೆ ಎದ್ದು ನಿಂತಳು. ಉಣಕಲ್ಲಿನಲ್ಲಿ ಸೋದರತ್ತೆ ಮುರಿಗೆವ್ವನ ಜೊತೆ ರೊಟ್ಟಿ ಖಾನಾವಳಿ ನಡೆಸುವ ಅವಳು ಇಲ್ಲಿಗೆ ಸೇರಿ ಇನ್ನೂ ವಾರವಾಗಿರಲಿಲ್ಲ. ಪಾರ್ಸೆಲ್ ಲೆಕ್ಕ, ಬಿಲ್ಲು ಎಲ್ಲ ತಾನೇ ಕಂಪ್ಯೂಟರಿನಲ್ಲಿ ಮಾಡಬೇಕೆಂಬ ಆಸೆ ಅವಳದು. ಶಾಲೆ ಬಿಟ್ಟು ವರ್ಷಗಳಾದ ಮೇಲೆ ಮತ್ತೆ ಬೆಂಚಿಗೆ ಬರುವುದೆಂದರೆ ಸಣ್ಣ ಧೈರ್ಯವೇ?

"ನಾನ ರೀ ಸರ್... ಭಾಳ ಗರಂ ಆಗಿತ್ತು. ಬ್ಯಾಸಗಿ ಅಲ್ರೀ, ನಮ್ಮ ಮನ್ಯಾಗ ನೀರಿನ ಕೊಡಕ್ಕ ಹಿಂಗ ಹಸಿ ಅರಿವಿ ಸುತ್ತತೇವಿ. ಪಾಪ, ತಣ್ಣಗಾಗ್ಲಿ ಅಂತ..."

ತರಗತಿ ಗೊಳ್ಳೆಂದು ನಕ್ಕಿತು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು ಅವಳಿಗೆ.

ಶಿವಯೋಗೀಶ ಬೈಯಲೆಂದೇ ಬಾಯಿ ತೆರೆದಿದ್ದ. ಹೊಸಬರಿಗೆಂದು ಕನ್ನಡದಲ್ಲಿ ಕಂಪ್ಯೂಟರ್ ಪುಸ್ತಕ ಬರೆದು, ಅದನ್ನೇ ಇಲ್ಲಿ ಪಾಠ ಹೇಳುವ ಮೇಷ್ಟ್ರು ಅವನು. ಆದರೆ 'ಪಾಪ' ಎಂಬ ಒಂದು ಮಾತಿಗೆ ಅವನ ಸಿಟ್ಟು ಇಳಿದುಹೋಯಿತು. ಕಬ್ಬಿಣದ ಡಬ್ಬಿಗೂ ಪಾಪ ಅನ್ನುವವರು ಇರುತ್ತಾರೆಯೇ!

"ನಗಬ್ಯಾಡ್ರಿ ಯಾರೂ," ಎಂದ. "ತಪ್ಪು ಇವರದಲ್ಲ, ನನ್ನ ಪುಸ್ತಕದ್ದು. ಗರಂ ಆದ್ರ ಏನ್ ಮಾಡಬೇಕು ಅಂತ ನಾ ಎಲ್ಲೆ ಬರದೇನಿ?"

ಶಾಂಭವಿ ತಲೆಯೆತ್ತಿ ನೋಡಿದಳು. ತನ್ನ ತಪ್ಪನ್ನು ಇನ್ನೊಬ್ಬರು ಮೈಮೇಲೆ ಹಾಕಿಕೊಂಡದ್ದನ್ನು ಅವಳು ಕಂಡೇ ಇರಲಿಲ್ಲ. ಕಣ್ಣಂಚು ಒದ್ದೆಯಾಯಿತು.

ಅಂದಿನಿಂದ ಇನ್ನೊಂದು ಪಾಠ ಶುರುವಾಯಿತು. ಅವನು ಹೊಸ ಪುಸ್ತಕ ಬರೆಯುತ್ತಿದ್ದ. ತರಗತಿ ಮುಗಿದ ಮೇಲೆ ಅವಳು ಹಾಳೆಗಳನ್ನು ಓದಬೇಕು, ತಿಳಿಯದ ಕಡೆ ನಿಲ್ಲಿಸಬೇಕು.

"‘ಫೋಲ್ಡರ್ ಅಂದರೆ ಕಡತಗಳ ಸಂಗ್ರಹ’ ಅಂತ ಬರದೀರಿ. ಕಡತ ಅಂದ್ರ ಏನ್ರಿ ಸರ್?"

"ಮತ್ತ ಹೆಂಗ ಬರೀಲಿ?"

"ರೊಟ್ಟಿ ಬುಟ್ಟಿ ಅಂತ ಬರೀರಿ. ಖಡಕ್ ರೊಟ್ಟಿ ಒಂದ್ರಾಗ, ಬಿಸಿ ರೊಟ್ಟಿ ಒಂದ್ರಾಗ. ಕಲಸಿ ಇಟ್ರ ಖಡಕ್ ಎಲ್ಲಾ ಮೆತ್ತಗಾಗಿ ಹೋಗ್ತಾವ!"

ಅವನು ನಕ್ಕು ಹಾಗೆಯೇ ಬರೆದುಕೊಂಡ. ಅವಳು ಬರುವಾಗ ಒಂದು ಡಬ್ಬಿ ರೊಟ್ಟಿ, ಶೇಂಗಾ ಹಿಂಡಿ ಎಂಬ ಚಟ್ನಿಪುಡಿ ತರತೊಡಗಿದಳು. ಹಿಂಡಿಯ ಖಾರಕ್ಕೆ ಅವನ ಕಿವಿ ಕೆಂಪಾದರೆ ಅವಳಿಗೆ ನಗು. ಅವಳು ಒಂದು ದಿನ ತಡವಾಗಿ ಬಂದರೆ ಅವನ ಕಣ್ಣು ಬಾಗಿಲಿನಲ್ಲೇ. ಪ್ರೀತಿ ಬಂದಾಗ ಡಂಗುರ ಹೊಡೆದುಕೊಂಡು ಬರುತ್ತದೆಯೇ?

ಪುಸ್ತಕ ಅಚ್ಚಾಗಿ ಬಂತು. ಅದರ ಹಿಂದೆಯೇ ಗ್ರಹಚಾರವೂ ಬಂತು.

ಮಧ್ಯಾಹ್ನದ ಊಟಕ್ಕೆ ಬಂದ, ಅವಳ ತರಗತಿಯವನೇ ಆದ ಗಿರಾಕಿಯೊಬ್ಬ ಆ ಪುಸ್ತಕ ಬಿಚ್ಚಿ ತೋರಿಸಿದ. ಸೆರಗು ಸಿಕ್ಕಿಸಿಕೊಂಡ ಹೆಂಗಸೊಬ್ಬಳು ಕಂಪ್ಯೂಟರಿಗೆ ಒದ್ದೆ ಬಟ್ಟೆ ಹೊದಿಸುತ್ತಿರುವ ಚಿತ್ರ! ಅವಳು ಓದಿದ ಹಾಳೆಗಳಲ್ಲಿ ಅದು ಇರಲೇ ಇಲ್ಲ.

"ಅಕ್ಕಾರ, ಇದು ನೀವ ಅಲ್ಲೇನ್ರಿ?"

ಪಂಕ್ತಿಯೆಲ್ಲ ನಕ್ಕಿತು. ಹಿಟ್ಟು ನಾದುತ್ತಿದ್ದ ಶಾಂಭವಿಯ ಕೈ ನಿಂತೇ ಹೋಯಿತು. 'ಅಂದು ನಗಬ್ಯಾಡ್ರಿ ಅಂದವರೇ ಇಂದು ಊರನ್ನೆಲ್ಲ ನಗಿಸಿದರಲ್ಲ... ಅಷ್ಟು ದಿನ ನಾನು ಅವರಿಗೆ ಬರೀ ನಗೆಪಾಟಲೇ?'

ಅವಳು ತರಗತಿಗೆ ಹೋಗುವುದನ್ನು ಬಿಟ್ಟಳು. ಅವನ ಫೋನು ಬಂದರೆ ಪರದೆ ನೋಡಿ, ಬೋರಲು ಹಾಕಿ ಇಡುತ್ತಿದ್ದಳು.

"ಸಿಟ್ಟು ಬಂದ್ರ ಹೋಗಿ ಕೇಳಬೇಕವಾ," ಎಂದಳು ಮುರಿಗೆವ್ವ. "ಹಂಚಿನ ಮ್ಯಾಲೆ ರೊಟ್ಟಿ ಸುಟ್ಟುಕೊಂತ ಕುಂತ್ರ ಏನ್ ಬಂತು?"

"ಏನ್ ಕೇಳ್ಲಿ ಅತ್ತೀ..." ಅಷ್ಟೇ ಅಂದು ಹೊಗೆಯ ನೆಪದಲ್ಲಿ ಕಣ್ಣೊರೆಸಿಕೊಂಡಳು.

ಒಂದು ದಿನ ಬಾಗಿಲಲ್ಲಿ ಬುರ್ಖಾ ತೊಟ್ಟ ಹುಡುಗಿಯೊಬ್ಬಳು ನಿಂತಿದ್ದಳು. ಕೈಯಲ್ಲಿ ಅದೇ ಪುಸ್ತಕ.

"ನಾ ಉಜ್ಮಾ ಅಂತ ರೀ, ಹಳೇ ಹುಬ್ಬಳ್ಳಿಯಿಂದ ಬಂದೇನಿ. ಹಸಿ ಅರಿವಿ ಅಕ್ಕಾರು ನೀವೇನ್ರಿ?"

"ನೀನೂ ನಗಾಕ ಬಂದೀ ಏನು?"

"ಇಲ್ರೀ ಅಕ್ಕಾ! ಶುಕ್ರಿಯಾ ಹೇಳಾಕ ಬಂದೇನಿ." ಉಜ್ಮಾ ತಗ್ಗಿದ ದನಿಯಲ್ಲಿ ಹೇಳಿದಳು. "ಮೌಸ್ ಹೊಲಸಾಗೇತಿ ಅಂತ ನಾ ಸೋಪಿನ ನೀರಾಗ ತೊಳದಿದ್ದೆ ರೀ! ಮನ್ಯಾಗ ಎಲ್ಲಾರೂ ನಕ್ಕು ನಕ್ಕು ಸಾಕಾತು. ಮುಂದ ಮುಟ್ಟಾಕ ಅಂಜಿಕಿ ಆಗಿತ್ತು. ಈ ಚಿತ್ರ ನೋಡಿದ ಮ್ಯಾಲೆ, ನನ್ನಂಗ ಇನ್ನೊಬ್ರು ಅದಾರ ಅಂತ ಧೈರ್ಯ ಬಂತು. ಈಗ ನನ್ನ ಹೊಲಿಗಿ ಬಿಲ್ ಎಲ್ಲಾ ನಾನ ಮಾಡ್ತೇನಿ."

ಶಾಂಭವಿ ಅವಳನ್ನು ಒಳಗೆ ಕರೆದು ಕೂರಿಸಿ, ಮುಂದೆ ತಟ್ಟೆ ಇಟ್ಟಳು.

"ನಾ ಈಗ ಸರ್ ಕ್ಲಾಸಿಗೇ ಹೋಗ್ತೇನ್ರಿ. ಅವರು ಹೊಸಬರಿಗೆ ಮೊದಲ ನಿಮ್ಮ ಕತಿ ಹೇಳ್ತಾರ್ರಿ. ‘ನನಗ ಬರಿಯಾಕ ಕಲಿಸಿದವರು ಇವರು’ ಅಂತಾರ. ಮೂಲ್ಯಾಗಿನ ನಿಮ್ಮ ಕುರ್ಚಿ ಮ್ಯಾಲೆ ಯಾರಿಗೂ ಕುಂದ್ರಾಕ ಬಿಡೂದಿಲ್ಲ."

ಶಾಂಭವಿ ಉಜ್ಮಾಳ ತಟ್ಟೆಗೆ ಬಿಸಿ ರೊಟ್ಟಿ ಬಡಿಸಿ, ಮೇಲೆ ಬೆಣ್ಣೆ ಹಾಕಿದಳು. ಅತ್ತೆಗೆ ಒಂದು ಮಾತು ಹೇಳಿ, ಸೆರಗಿಗೆ ಕೈ ಒರೆಸಿಕೊಳ್ಳುತ್ತಲೇ ಬಸ್ಸು ಹತ್ತಿದಳು.

ತರಗತಿ ಖಾಲಿ. ಶಿವಯೋಗೀಶ ಮೇಜಿನ ಮೇಲೆ ತಲೆಯಿಟ್ಟು ಕೂತಿದ್ದ. ಹೆಜ್ಜೆ ಸಪ್ಪಳಕ್ಕೆ ತಲೆ ಎತ್ತಿದ. ಕಣ್ಣುಗಳು ಕೆಂಡದಂತೆ ಕೆಂಪಾಗಿದ್ದವು.

"ಶಾಂಭವಿ...! ಬಂದ್ರಾ? ನಿಮ್ಮನ್ನ ಕೇಳಲಾರದೆ ಆ ಚಿತ್ರ ಹಾಕಿಸಿದೆ. ಖರೇನ ತಪ್ಪಾತು ರೀ. ಮುಂದಿನ ಸಲ ಅಚ್ಚು ಹಾಕಿಸಿದಾಗ ತಗಸ್ತೇನಿ."

"ತಗಸಬ್ಯಾಡ್ರಿ," ಎಂದಳು. "ಅದನ್ನ ನೋಡಿ ಅಂಜಿಕಿ ಬಿಟ್ಟವರು ಅದಾರ. ಆದ್ರ ಇನ್ನ ಮುಂದ ನನ್ನನ್ನ ಕೇಳಿ ಹಾಕ್ರಿ. ಕೇಳಿದ್ರ ನಾ ಒಲ್ಲೆ ಅಂತಿದ್ನೇನು?"

ಅವಳು ಮೂಲೆಯ ಕುರ್ಚಿ ಎಳೆದು ಅವನೆದುರು ಕೂತಳು. ಆಮೇಲೆ ಅವಳೇ ಅಂದಳು: "ಅವತ್ತ ನನ್ನ ತಪ್ಪು ನಿಮ್ಮ ಮ್ಯಾಲೆ ಹಾಕ್ಕೊಂಡ್ರಿ. ಇಲ್ಲಂದ್ರ ಅವತ್ತ ಸಾಲಿ ಬಿಡತಿದ್ದೆ. ಆ ಉಪಕಾರ ನಾ ಸಾಯೂತನಾ ಮರಿಯೂದಿಲ್ಲ ಸರ್."

"ಉಪಕಾರ ನಿಮ್ಮದು ರೀ. ನೀವು ಎದುರಿಗೆ ಇಲ್ಲಂದ್ರ ಒಂದು ಸಾಲೂ ಬರಿಯಾಕ ಆಗವಲ್ದು... ಪರಸ್ಪರ ಸಾಹಚರ್ಯದಿಂದ ನನ್ನ ಜೀವನದಾಗ..."

"ನೋಡ್ರಿ, ಮತ್ತ ತಿಳಿಲಾರದಂಗ ಶುರು ಹಚ್ಚಿದ್ರಿ!" ಅವಳ ತುಟಿಯಂಚಿನಲ್ಲಿ ನಗು, ಕಣ್ಣಲ್ಲಿ ನೀರು. "ನನ್ನಂಥಾವರಿಗೆ ತಿಳಿಯೂಹಂಗ ಹೇಳ್ರಿ."

ಅವನು ನೆಟ್ಟಗೆ ಕೂತ. "ನೀವಂದ್ರ ನನಗ ಜೀವ. ಮದುವಿ ಆಗ್ತೀರೇನು?"

"ಈಗ ತಿಳೀತು ನೋಡ್ರಿ."

"ಅಂದ್ರ... ಹ್ಞೂಂ ಅಂತನಾ?"

ಅವಳು ಅವನ ಕೆಂಪು ಕಣ್ಣು ನೋಡಿ ಹಣೆ ಮುಟ್ಟಿದಳು. ಕಾದ ಹಂಚಿನಂತೆ ಸುಡುತ್ತಿತ್ತು! ಜ್ವರ! ಲಗುಬಗೆಯಿಂದ ಕರವಸ್ತ್ರ ನೀರಲ್ಲಿ ಅದ್ದಿ, ಹಿಂಡಿ, ನೀಟಾಗಿ ಮಡಿಚಿ ಅವನ ಹಣೆಯ ಮೇಲಿಟ್ಟಳು.

"ಗರಂ ಆಗೇತಿ. ಇಲ್ಲಿ ಹಾಕಬಹುದಲ್ರೀ ಸರ್?"

ಅವನು ಕಣ್ಣು ಮುಚ್ಚಿ, ಆ ಕೈಯ ಮೇಲೆ ತನ್ನ ಕೈ ಇಟ್ಟ.

"ಹಾಕಬಹುದು ರೀ... ತಗೀಬ್ಯಾಡ್ರಿ."