ಪೂರ್ವಮುದ್ರಿತ

"ನಿಮ್ಮ ಮುಖ ನೋಡಿದ್ರೆ ವಾಕರಿಕೆ ಬತ್ತದೆ ಕಣ್ರೀ. ಓಗಿ ಇಲ್ಲಿಂದ."

ನರಸೀಪುರದಲ್ಲಿ ಅಪ್ಪನ ಗೊಬ್ಬರದಂಗಡಿ ನೋಡಿಕೊಳ್ಳುತ್ತಿದ್ದ ಗಾನವಿ ಹೀಗೆಂದಳು. ಎದುರಿಗಿದ್ದವನು ನಂಜನಗೂಡಿನ ಅಮೃತೇಶ್, ಲೋಕಲ್ ಕೇಬಲ್ ಚಾನೆಲ್ಲಿನಲ್ಲಿ ಕಾರ್ಯಕ್ರಮ ನಡೆಸುವವನು. ಭಾನುವಾರ ಅವಳನ್ನು ನೋಡಲು ಬರಬೇಕಿದ್ದ ಗಂಡು ಇವನೇ. ಫೋಟೋ ನೋಡಿದ್ದು ಬಿಟ್ಟರೆ ಇಬ್ಬರೂ ಮುಖಾಮುಖಿಯಾಗಿದ್ದು ಇದೇ ಮೊದಲು.

ಭಾನುವಾರ ಗಂಡು ಬರಲಿಲ್ಲ, "ಅಮ್ಮನಿಗೆ ಹುಷಾರಿಲ್ಲ" ಎಂದು ಫೋನು ಬಂತು. ಪಾಪ ಎಂದುಕೊಂಡು, ಉಟ್ಟ ರೇಷ್ಮೆ ಸೀರೆಯಲ್ಲೇ ಟಿವಿ ಹಾಕಿದರೆ... ಲೋಕಲ್ ಕೇಬಲ್ಲಿನ ಅಡುಗೆ ಕಾರ್ಯಕ್ರಮದಲ್ಲಿ ಈ ಮಹಾನುಭಾವ! ಯಾವಳೋ ಕೊಟ್ಟ ಹೋಳಿಗೆ ತಿಂದು, ತುಪ್ಪ ಸುರಿಯುವ ಬೆರಳು ನೆಕ್ಕುತ್ತಾ ಹಲ್ಲು ಕಿರಿಯುತ್ತಿದ್ದ. ಥೂ! ಅವನಿಗೆಂದು ಮಾಡಿದ್ದ ಕೇಸರಿಬಾತು ಅಡುಗೆಮನೆಯಲ್ಲಿ ಹಾಗೇ ಇತ್ತು. ಅವತ್ತಿನಿಂದ ಅವಳು ಸಿಹಿ ಮುಟ್ಟಿಲ್ಲ. ಸಂಬಂಧ ಬೇಡವೆಂದು ಅಪ್ಪನ ಕೈಲಿ ಹೇಳಿಸಿಯೂ ಆಗಿತ್ತು.

"ಯಾಕೆ ಬ್ಯಾಡ ಅಂದ್ರಿ? ಅದ್ನ ಕೇಳೋಕೆ ಬಂದೆ."

"ಎತ್ತ ತಾಯಿಗೆ ಉಸಾರಿಲ್ಲ ಅಂತ ಸುಳ್ಳು ಏಳ್ತೀರಲ್ಲ, ಅಸಹ್ಯ ಆಗಲ್ವಾ? ಅವತ್ತು ಟಿವೀಲಿ ಬೆರಳು ನೆಕ್ತಿದ್ದೋರು ನೀವೇ ಅಲ್ವಾ?"

"ಅದು ವೋದ ತಿಂಗಳು ತೆಗ್ದಿದ್ದು. ಮೂಲೇಲಿ 'ಪೂರ್ವಮುದ್ರಿತ' ಅಂತ ಹಾಕಿದ್ವಲ್ಲ."

ಗಾನವಿ ಅದನ್ನು ನೋಡಿದ್ದಳು.

"ಅದು... ಪ್ರೆಸ್ಸಿನ ಜಾಹೀರಾತಲ್ವಾ? ಲಗ್ನಪತ್ರಿಕೆ ಪ್ರಿಂಟ್ ಮಾಡೋರ್ದು ಅಂದ್ಕಂಡೆ."

ಅವನು ನಗಲಿಲ್ಲ. "ಮೊದ್ಲೇ ರೆಕಾರ್ಡ್ ಮಾಡಿದ್ದು ಅಂತ ಅದರರ್ಥ. ಜನ ಲೈವ್ ಅಂದ್ಕಂಡು ಫೋನ್ ಮಾಡ್ತಿದ್ರು, ಅದ್ಕೇ ಆ ಪದ ಹುಡುಕಿ ಹಾಕ್ದೋನು ನಾನೇ. ಭಾನುವಾರ ನಾನು ಮೈಸೂರಲ್ಲಿ ಆಸ್ಪತ್ರೆ ಬೆಂಚಿನ ಮೇಲಿದ್ದೆ."

ಈಗ ಗಾನವಿಗೆ ತನ್ನ ಮೇಲೆಯೇ ಹೇಸಿಗೆ ಹುಟ್ಟಿತು. ತಾಯಿಗಾಗಿ ಆಸ್ಪತ್ರೆ ಕಾಯುತ್ತಿದ್ದವನಿಗೆ ಎಂಥ ಮಾತಾಡಿಬಿಟ್ಟೆ... ಥೂ, ನನ್ನ ನಾಲಿಗೆಗಿಷ್ಟು ಬೆಂಕಿ ಹಾಕ.

ಅವನು ಮೆಟ್ಟಿಲಿಳಿದ. ಹೋದರೆ ಮತ್ತೆ ಬರುವವನಲ್ಲ.

"ರೀ... ನಿಂತ್ಕಳಿ. ಅಮ್ಮ ಈಗ ಹೆಂಗವ್ರೆ?"

"ವಾರ್ಡಲ್ಲೇ ಅವ್ರೆ. ನೀವು ಬ್ಯಾಡ ಅಂದಿದ್ದನ್ನ ಅವ್ರಿಗಿನ್ನೂ ಹೇಳಿಲ್ಲ."

"ಯಾಕೆ?"

"ಬಾಯಿ ಬರ್ಲಿಲ್ಲ. ಫೋಟೋ ನೋಡ್ದಾಗ್ಲೇ ನಿಮ್ಮನ್ನ ಇಷ್ಟಪಟ್ಬುಟ್ಟಿದ್ದೆ ಕಣ್ರೀ."

ಗಾನವಿಯ ಕಣ್ಣು ತುಂಬಿತು. ಬ್ಯಾಗು ಹೆಗಲಿಗೇರಿಸಿ ಅಂಗಡಿಯ ಬಾಗಿಲು ಎಳೆದಳು.

"ನಡೀರಿ, ಮೈಸೂರಿಗೋಗಿ ಅವ್ರನ್ನ ನೋಡ್ಕಂಡು ಬರವ. ಅವ್ರು ಉಸಾರಾದ್ಮೇಲೆ ನಮ್ಮನೆಗೆ ಕರ್ಕಂಡು ಬನ್ನಿ."

"ಹೆಣ್ಣು ನೋಡೋಕಾ?"

"ನೋಡಿದ್ದಾಯ್ತಲ್ಲ. ಹೂ ಮುಡ್ಸೋಕೆ."